ಮೂಲ ಪುರುಷನ ಹೆಂಡತಿ

ಅಪ್ಪ ತೀರಿಕೊಂಡ ಮೇಲೆ ಊರಿನ ಜಮೀನಿಗೆ ಪೌತಿ ಖಾತೆ ಮಾಡಿಸಬೇಕಿತ್ತು. ಅದಕ್ಕೆ ವಂಶವೃಕ್ಷ ಬೇಕು. ಅಣ್ಣ ಒಂದು ಬಿಳಿ ಹಾಳೆಯಲ್ಲಿ ಬರೆದುಕೊಂಡು ಬಂದ. ಮೇಲ್ಗಡೆ ಒಂದು ಚೌಕ, ಅದರೊಳಗೆ ‘ಮೂಲ ಪುರುಷ’ ಅಂತ ನಮ್ಮ ಮುತ್ತಜ್ಜನ ಹೆಸರು. ಕೆಳಗೆ ತಾತ, ಅಜ್ಜಿ. ಅದರ ಕೆಳಗೆ ಅಪ್ಪ, ಚಿಕ್ಕಪ್ಪ, ಅತ್ತೆ. ಆಮೇಲೆ ನಾವು. ಮುತ್ತಜ್ಜನ ಪಕ್ಕ ಹೆಂಡತಿಯ ಹೆಸರು ಇರಬೇಕಾದ ಜಾಗದಲ್ಲಿ ಒಂದು ಗೆರೆ ಎಳೆದಿದ್ದ.

“ಇವರ ಹೆಸರೇನಣ್ಣ?” ಅಂದೆ.

“ಯಾರಿಗ್ಗೊತ್ತು? ತಾತನ್ನ ಹೆತ್ತು ಸತ್ತೋದ್ರಂತಲ್ಲ. ಅದೇನೂ ಬೇಕಾಗಲ್ಲ ಬಿಡು.”

ನಿಜ, ಬೇಕಾಗಲಿಲ್ಲ. ಖಾತೆ ಆಯಿತು. ಆದರೆ ಆ ಗೆರೆ ನನ್ನ ತಲೆಯಿಂದ ಹೋಗಲಿಲ್ಲ. ನಾನು ಮೈಸೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಲೆಕ್ಕ ಹೇಳಿಕೊಡುವವಳು. ಖಾಲಿ ಬಿಟ್ಟ ಜಾಗ ನೋಡಿದರೆ ಸುಮ್ನೆ ಇರಲು ಆಗುವುದಿಲ್ಲ. ಮೂರು ವರ್ಷ, ರಜೆ ಸಿಕ್ಕಾಗಲೆಲ್ಲ, ಆ ಒಂದು ಹೆಸರನ್ನು ಹುಡುಕಿದೆ.

ನಮ್ಮ ತಾತ ಹುಟ್ಟಿದ್ದು ಹಳೇ ಕನ್ನಂಬಾಡಿಯಲ್ಲಿ. ಆ ಊರು ಈಗ ಕೃಷ್ಣರಾಜಸಾಗರದ ನೀರಿನಡಿ ಇದೆ. 1911ರ ನವೆಂಬರ್‌ನಲ್ಲಿ ಕಟ್ಟೆ ಕೆಲಸ ಶುರುವಾಯಿತು. ಊರವರು ದೂರದಲ್ಲಿ ಹೊಸ ಕನ್ನಂಬಾಡಿ ಕಟ್ಟಿಕೊಂಡರು. ನಮ್ಮವರು ಇನ್ನೂ ಮುಂದೆ ಬಂದು ಪಾಂಡವಪುರದ ಹತ್ತಿರ ನೆಲೆ ನಿಂತರು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ವೇಣುಗೋಪಾಲಸ್ವಾಮಿ ಗುಡಿ ಮೇಲೆ ಕಾಣುತ್ತಿತ್ತು, ಆಗ ತಾತ ಅಪ್ಪನನ್ನು ಕರೆದುಕೊಂಡು ಹೋಗಿ ದೂರದಿಂದ ಕೈ ತೋರಿಸುತ್ತಿದ್ದರಂತೆ. “ನಮ್ಮನೆ ಅಲ್ಲಿ” ಅಂತ. ಅಲ್ಲಿ ಬರೀ ಕೆಸರು ಇರುತ್ತಿತ್ತು. ಆ ಗುಡಿಯನ್ನು ಈಚೆಗೆ ಕಲ್ಲು ಕಲ್ಲೂ ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದಾರೆ.

ಹುಡುಕುವ ದಾರಿ ಮೊದಲು ತೋರಿಸಿದ್ದು ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗಳು. ಅವಳ ಗಂಡ ಅಲ್ಲಿಯವರೇ. ಅಲ್ಲಿ ಜನಗಣತಿಯ ಹಾಳೆಗಳನ್ನು 72 ವರ್ಷ ಮುಚ್ಚಿಟ್ಟು ಆಮೇಲೆ ಎಲ್ಲರಿಗೂ ತೆರೆಯುತ್ತಾರೆ. 1950ರ ಹಾಳೆಗಳು 2022ರ ಏಪ್ರಿಲ್ 1ರಂದು ಹೊರಗೆ ಬಂದವು. ಅವಳು ಗಂಡನ ಮುತ್ತಜ್ಜನನ್ನು 1900ರ ಗಣತಿಯಲ್ಲಿ ಹಿಡಿದಿದ್ದಳು. ಹೆಸರು, ಹುಟ್ಟಿದ ತಿಂಗಳು, ಹಡಗು ಹತ್ತಿ ಬಂದ ವರ್ಷ, ಮನೆ ಸ್ವಂತದ್ದೋ ಬಾಡಿಗೆಯದೋ, ಎಲ್ಲ ಒಂದೇ ಸಾಲಿನಲ್ಲಿ. “ಅಕ್ಕಾ, ನಮ್ಮ ಮೈಸೂರಲ್ಲೂ ಸೆನ್ಸಸ್ ನಡೀತಿತ್ತಲ್ಲ. 1911ರದ್ದು ನೋಡು” ಅಂತ ಮೆಸೇಜ್ ಮಾಡಿದಳು.

ನೋಡಿದೆ. ಮೈಸೂರು ಸಂಸ್ಥಾನದ 1911ರ ಜನಗಣತಿ ವರದಿ ಇಂಟರ್ನೆಟ್‌ನಲ್ಲೇ ಸಿಗುತ್ತದೆ. ಬರೆದವರು ವಿ. ಆರ್. ತ್ಯಾಗರಾಜ ಅಯ್ಯರ್. ರಾತ್ರಿ ಎರಡು ಗಂಟೆವರೆಗೆ ಪುಟ ತಿರುವಿದೆ. ಜಾತಿಗೆಷ್ಟು, ಕಸುಬಿಗೆಷ್ಟು, ವಿಧವೆಯರೆಷ್ಟು, ಕುರುಡರೆಷ್ಟು. ಕೋಷ್ಟಕದ ಮೇಲೆ ಕೋಷ್ಟಕ. ಆದರೆ ಮನೆ ಮನೆಗೆ ಹೋಗಿ ಬರೆದುಕೊಂಡಿದ್ದ ಹೆಸರುಗಳು ಎಲ್ಲೂ ಇಲ್ಲ.

ಆ ಹೆಸರುಗಳಿಗೆ ಏನಾಯಿತು ಅಂತ ಅರ್ಥವಾಗಲು ಸ್ವಲ್ಪ ದಿನ ಬೇಕಾಯಿತು. ನಮ್ಮಲ್ಲಿ ಗಣತಿಯವರು ಮನೆ ನಂಬರ್ ಹಾಕಿ, ಪುಸ್ತಕದಲ್ಲಿ ಪ್ರತಿಯೊಬ್ಬರನ್ನೂ ಬರೆದುಕೊಳ್ಳುತ್ತಿದ್ದರು. ಆಮೇಲೆ ಆ ಪುಸ್ತಕದಿಂದ ಒಬ್ಬೊಬ್ಬರಿಗೂ ಒಂದೊಂದು ಚೀಟಿ ಮಾಡುತ್ತಿದ್ದರು. ಚೀಟಿಗಳನ್ನು ಗೂಡುಗಳಲ್ಲಿ ಬೇರೆ ಬೇರೆ ಮಾಡಿ ಎಣಿಸುತ್ತಿದ್ದರು. 1901ರಿಂದ ಈ ಚೀಟಿ ಪದ್ಧತಿ. ಎಣಿಸಿ ಮುಗಿದ ಮೇಲೆ ಅವುಗಳ ಕೆಲಸ ಮುಗಿಯಿತು. ಯಾರೂ ಉಳಿಸಿಕೊಳ್ಳಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ 1948ರ ಜನಗಣತಿ ಕಾಯ್ದೆಯಲ್ಲಿ ಗಣತಿಯ ದಾಖಲೆಗಳನ್ನು ಯಾರೂ ನೋಡುವಂತಿಲ್ಲ ಅಂತಲೇ ಬರೆದರು. ಜನ ಹೆದರದೆ ನಿಜ ಹೇಳಲಿ ಅಂತ ಮಾಡಿದ ನಿಯಮ. ಅದು ಸರಿ ಅಂತಲೇ ನನಗೂ ಅನಿಸುತ್ತದೆ. ಆದರೂ ಹೊಟ್ಟೆಯಲ್ಲಿ ಸಂಕಟ ಆಯಿತು.

1911ರ ಮಾರ್ಚ್ 10ರ ರಾತ್ರಿ ಕೊನೆಯ ಎಣಿಕೆ. ಬೆಳದಿಂಗಳು ಇರುವ ರಾತ್ರಿಯನ್ನೇ ಆರಿಸುತ್ತಿದ್ದರು, ಗಣತಿಯವರು ಓಡಾಡಬೇಕಲ್ಲ. ಶಾನುಭೋಗರೋ ಶಾಲೆ ಮೇಷ್ಟ್ರೋ ಲಾಟೀನು ಹಿಡಿದು ಕನ್ನಂಬಾಡಿಯ ಬೀದಿಯಲ್ಲಿ ಬಂದಿರುತ್ತಾರೆ. ನಮ್ಮ ಮನೆ ಬಾಗಿಲ ಮುಂದೆ ನಿಂತಿರುತ್ತಾರೆ. ತಾತನಿಗೆ ಆಗ ಎರಡು ವರ್ಷ. ಆ ಪುಸ್ತಕದಲ್ಲಿ 16 ಕಲಮು. ಹೆಸರು, ಧರ್ಮ, ಗಂಡೋ ಹೆಣ್ಣೋ, ಮದುವೆ ಆಗಿದೆಯೋ ಇಲ್ಲವೋ, ವಯಸ್ಸು, ಜಾತಿ, ಕಸುಬು, ಹುಟ್ಟಿದ ಜಿಲ್ಲೆ, ಮನೆಮಾತು, ಓದು ಬರಹ. ಹೆಂಗಸರ ಹೆಸರು ಹೇಳಲು ಮನೆಯವರು ಒಪ್ಪದಿದ್ದರೆ ಬರೀ ‘ಹೆಂಗಸು’ ಅಂತ ಬರೆದರೆ ಸಾಕು ಅಂತ ಗಣತಿಯವರಿಗೆ ಹೇಳಿದ್ದರು. ಇದನ್ನು ಓದಿದಾಗ ಅಣ್ಣನ ಗೆರೆ ಮತ್ತೆ ಕಣ್ಣಮುಂದೆ ಬಂತು.

ಹಾಗಂತ ಗಣತಿ ವರದಿಗಳಿಂದ ಪ್ರಯೋಜನವೇ ಇಲ್ಲ ಅಂತಲ್ಲ. ನಮ್ಮ ಮನೆಯಲ್ಲಿ ಒಂದು ಮಾತು ಇದೆ, ಮುತ್ತಜ್ಜನ ಅಪ್ಪ ‘ಧಾತು ಈಶ್ವರದ ಬರದಲ್ಲಿ ಎಲ್ಲರನ್ನೂ ಕಳೆದುಕೊಂಡು ಹೊಳೆ ದಂಡೆಗೆ ಬಂದವರು’ ಅಂತ. ಚಿಕ್ಕವಳಿದ್ದಾಗ ಈಶ್ವರ ಅಂದರೆ ದೇವರು ಅಂದುಕೊಂಡಿದ್ದೆ. ಅವು ಸಂವತ್ಸರದ ಹೆಸರು. 1867ರ ಯುಗಾದಿಗೆ ಪ್ರಭವ ಶುರುವಾಯಿತು. ಅಲ್ಲಿಂದ ಎಣಿಸಿದರೆ ಹತ್ತನೆಯದು ಧಾತು, ಹನ್ನೊಂದನೆಯದು ಈಶ್ವರ. ಅಂದರೆ 1876, 1877. ಅದೇ ದೊಡ್ಡ ಬರ. ಗಣತಿ ತೆಗೆದು ನೋಡಿದರೆ, 1871ರಲ್ಲಿ ಮೈಸೂರು ಸಂಸ್ಥಾನದ ಜನ 50,55,412. 1881ರಲ್ಲಿ 41,86,188. ಹತ್ತು ವರ್ಷದಲ್ಲಿ ಹುಟ್ಟಿದವರನ್ನೆಲ್ಲ ಸೇರಿಸಿಯೂ ಎಂಟೂವರೆ ಲಕ್ಷಕ್ಕಿಂತ ಜಾಸ್ತಿ ಕಡಿಮೆ. ನೂರಕ್ಕೆ ಹದಿನೇಳು. ‘ಎಲ್ಲರನ್ನೂ ಕಳೆದುಕೊಂಡು’ ಅನ್ನುವ ಮನೆಮಾತಿನ ತೂಕ ನನಗೆ ಆವತ್ತು ಗೊತ್ತಾಯಿತು. ಆ ಪುಟದ ಪ್ರಿಂಟ್ ತೆಗೆದು ಮನೆಯ ಫೋಟೋ ಆಲ್ಬಮ್ಮಿನಲ್ಲಿ ಇಟ್ಟಿದ್ದೇನೆ.

ಇನ್ನೊಂದು ವಿಷಯ ಹೇಳಬೇಕು. 1931ರ ಮೈಸೂರು ಗಣತಿಯ ವರದಿ ಬರೆದ ಅಧಿಕಾರಿ ಎಂ. ವೆಂಕಟೇಶ ಅಯ್ಯಂಗಾರ್. ನಮ್ಮ ಮಾಸ್ತಿಯವರೇ. ಅರುವತ್ತೈದು ಲಕ್ಷ ಜನರ ಲೆಕ್ಕ ಅವರ ಮೇಜಿನ ಮೇಲೆ ಹಾದುಹೋಗಿತ್ತು ಅಂತ ತಿಳಿದು ಬಹಳ ಖುಷಿಯಾಯಿತು. ಅದರಲ್ಲಿ ನನ್ನ ತಾತನೂ ಅಜ್ಜಿಯೂ ಇದ್ದರು.

ಗಣತಿಯ ಬಾಗಿಲು ಮುಚ್ಚಿದ ಮೇಲೆ ಹಳೇ ಪತ್ರಿಕೆಗಳ ಕಡೆ ಹೋದೆ. ನಮ್ಮ ಭಾಷೆಯ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲೇ ಬಂತು. 1910ರ ಹೊತ್ತಿಗೆ ಮೈಸೂರಿನಲ್ಲಿ ಹಲವು ಪತ್ರಿಕೆಗಳಿದ್ದವು. ‘ವೃತ್ತಾಂತ ಪತ್ರಿಕೆ’, ‘ಮೈಸೂರು ಸ್ಟಾರ್’ ಇಂಥವು. ಸಿಕ್ಕಷ್ಟು ಹಳೇ ಸಂಪುಟ ತಿರುವಿದೆ. ಕಾಗದ ಎಷ್ಟು ಒಣಗಿರುತ್ತದೆ ಅಂದರೆ ಬೆರಳು ತಗುಲಿದರೆ ಅಂಚು ಹಪ್ಪಳದ ಹಾಗೆ ಮುರಿಯುತ್ತದೆ. ದಿವಾನರ ಪ್ರವಾಸ, ದಸರಾ, ಮಳೆ, ಪ್ಲೇಗು, ಔಷಧದ ಜಾಹೀರಾತು. ಸತ್ತವರ ಸುದ್ದಿ ಬರುವುದು ವಕೀಲರದ್ದು, ಅಮಲ್ದಾರರದ್ದು. ಎರಡು ಎಕರೆ ಉಳುವವನ ಹೆಂಡತಿಯ ಸುದ್ದಿ ಯಾರು ಹಾಕುತ್ತಾರೆ? ಆರು ತಿಂಗಳು ಓದಿದ ಮೇಲೆ ನನಗೆ ಇದು ಮನವರಿಕೆಯಾಯಿತು. ನಮ್ಮಂಥವರ ಹೆಸರು ಕಾಗದದ ಮೇಲೆ ಬಂದಿದ್ದರೆ ಅದು ನೆಲದ ಸಲುವಾಗಿ ಬಂದಿರಬೇಕು, ಇಲ್ಲ ಸಾಲದ ಸಲುವಾಗಿ.

ನೆಲ ಅಂದ ಕೂಡಲೇ ದಾರಿ ಹೊಳೆಯಿತು. ಕಟ್ಟೆಗೆ ಜಮೀನು ತೆಗೆದುಕೊಂಡಾಗ ಸರ್ಕಾರ ‘ಮೈಸೂರು ಗೆಜೆಟ್’ನಲ್ಲಿ ಪ್ರಕಟಣೆ ಹಾಕಲೇಬೇಕು. ಯಾವ ಊರು, ಸರ್ವೆ ನಂಬರ್ ಎಷ್ಟು, ಖಾತೆದಾರ ಯಾರು, ಎಷ್ಟು ಎಕರೆ ಗುಂಟೆ, ಮಳೆ ನಂಬಿದ ಖುಷ್ಕಿಯೋ ನೀರು ಹಾಯುವ ತರಿಯೋ ತೋಟದ ಬಾಗಾಯ್ತೋ, ನಾಲ್ಕು ದಿಕ್ಕಿನ ಚಕ್ಕುಬಂದಿ ಏನು. ಗೆಜೆಟ್ ಕೂಡ ಒಂದು ಪತ್ರಿಕೆ ಅಲ್ವಾ? ಮೊದಲು ಯಾಕೆ ತಲೆಗೆ ಬರಲಿಲ್ಲವೋ.

ಇಲ್ಲಿ ಒಂದು ಎಡವಟ್ಟು ಮಾಡಿಕೊಂಡು ಎರಡು ಬೇಸಿಗೆ ರಜೆ ಕಳೆದೆ. ನಾನು ಮಂಡ್ಯ ಜಿಲ್ಲೆ, ಪಾಂಡವಪುರ ತಾಲೂಕು ಅಂತಲೇ ಹುಡುಕುತ್ತಿದ್ದೆ. ಮಂಡ್ಯ ಜಿಲ್ಲೆ ಆಗಿದ್ದೇ 1939ರಲ್ಲಿ. ಅದಕ್ಕೆ ಮುಂಚೆ ಎಲ್ಲ ಮೈಸೂರು ಜಿಲ್ಲೆ. ಪಾಂಡವಪುರ ಅನ್ನುವ ಹೆಸರೂ ಆಗ ಕಾಗದದಲ್ಲಿ ಇರಲಿಲ್ಲ. ಜನರ ಬಾಯಲ್ಲಿ ಹಿರೋಡೆ, ಸರ್ಕಾರದ ಕಡತದಲ್ಲಿ ‘ಫ್ರೆಂಚ್ ರಾಕ್ಸ್’. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಅಲ್ಲಿ ಬೀಡುಬಿಟ್ಟಿದ್ದರು, ಅದಕ್ಕೆ ಆ ಹೆಸರು. ನಿಮ್ಮ ಮನೆಯವರನ್ನು ಹುಡುಕಲು ಹೊರಟರೆ ದಯವಿಟ್ಟು ಮೊದಲು ಊರಿನ, ತಾಲೂಕಿನ ಹಳೇ ಹೆಸರು ಕೇಳಿ ಬರೆದಿಟ್ಟುಕೊಳ್ಳಿ. ಕೃಷ್ಣರಾಜಪೇಟೆ ಕಡೆಯವರಾದರೆ ‘ಅತ್ತಿಗುಪ್ಪೆ’ ಅಂತ ನೋಡಬೇಕು.

ಹೆಸರು ಸರಿ ಮಾಡಿಕೊಂಡ ಮೇಲೆ ಗೆಜೆಟ್‌ನಲ್ಲಿ ಮುತ್ತಜ್ಜ ಸಿಕ್ಕರು. ಇಂಗ್ಲಿಷಿನಲ್ಲಿ, ಎರಡು ಅಕ್ಷರ ತಪ್ಪಾಗಿ. ಒಂದು ಎಕರೆ ಮೂವತ್ತು ಗುಂಟೆ ಖುಷ್ಕಿ, ಹದಿನಾಲ್ಕು ಗುಂಟೆ ತರಿ. ಅಣ್ಣನಿಗೆ ಫೋನ್ ಮಾಡಿ ಓದಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು “ತರಿ ಇತ್ತಾ ನಮ್ಗೆ?” ಅಂದ. ಅವನು ಇವತ್ತಿಗೂ ಬೋರ್‌ವೆಲ್ ನಂಬಿಕೊಂಡು ರಾಗಿ ಬೆಳೆಯುವವನು.

ಗೆಜೆಟ್ ಪ್ರಕಟಣೆಯಲ್ಲಿ ಸರ್ಕಾರದ ಆದೇಶದ ನಂಬರ್ ಇರುತ್ತದೆ. ಆ ನಂಬರ್ ಬರೆದುಕೊಂಡು ಬೆಂಗಳೂರಿನ ವಿಕಾಸಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋದೆ. ಗುರುತಿನ ಚೀಟಿ, ಒಂದು ಅರ್ಜಿ, ಯಾಕೆ ನೋಡಬೇಕು ಅನ್ನುವುದಕ್ಕೆ ನಾಲ್ಕು ಸಾಲು. ‘ಕುಟುಂಬದ ಇತಿಹಾಸ’ ಅಂತ ಬರೆದೆ. ಮೊದಲು ಸೂಚಿ ಪುಸ್ತಕ ಕೊಡುತ್ತಾರೆ, ಅದರಲ್ಲಿ ಇಲಾಖೆ, ವರ್ಷ, ವಿಷಯ ನೋಡಿ ಕಡತದ ನಂಬರ್ ಬರೆದುಕೊಟ್ಟರೆ ಒಳಗಿನಿಂದ ತಂದುಕೊಡುತ್ತಾರೆ. ಮೊದಲ ದಿನ ಬಂದ ಮೂರು ಕಡತದಲ್ಲಿ ಕಲ್ಲು, ಸುರ್ಕಿ ಗಾರೆ, ಕೂಲಿಯವರ ಲೆಕ್ಕ. ಎರಡನೇ ದಿನ ಮದರಾಸಿನ ಜೊತೆಗಿನ ಕಾವೇರಿ ನೀರಿನ ಜಗಳ. ಮೂರನೇ ಸಲ ಹೋದಾಗ, ದಸರಾ ರಜೆಯಲ್ಲಿ, ಮುಳುಗಡೆಯ ರೈತರ ಅರ್ಜಿಗಳ ಕಡತ ಬಂತು.

ಮೇಲೆ ಅಧಿಕಾರಿಗಳ ಇಂಗ್ಲಿಷ್ ಟಿಪ್ಪಣಿ. ಅದರ ಕೆಳಗೆ ಕನ್ನಡದ ಅರ್ಜಿಗಳು. ಮೋಡಿ ಬರವಣಿಗೆ, ಒಂದು ಅಕ್ಷರದ ಬಾಲ ಇನ್ನೊಂದಕ್ಕೆ ಸುತ್ತಿಕೊಂಡಿರುತ್ತದೆ. ಓದಲು ನನಗೆ ಇಡೀ ಬೆಳಿಗ್ಗೆ ಹಿಡಿಯಿತು. 1917ರ ಒಂದು ಅರ್ಜಿ. ದುಡ್ಡು ಬೇಡ, ದುಡ್ಡು ಕೈಯಲ್ಲಿ ನಿಲ್ಲುವುದಿಲ್ಲ, ನೀರು ಹಾಯುವ ಕಡೆ ನೆಲಕ್ಕೆ ನೆಲ ಕೊಡಿ ಅಂತ ಕೇಳಿದ್ದಾರೆ. ಕೆಳಗೆ ಹದಿನೇಳು ಜನ. ‘ಇಂಥವರು ಬಿನ್ ಇಂಥವರು’ ಅಂತ ಸಾಲಾಗಿ ಹದಿನಾರು ಗಂಡಸರು. ಬಿನ್ ಅಂದರೆ ಇಂಥವರ ಮಗ. ಕೆಲವರದ್ದು ರುಜು, ಉಳಿದವರದ್ದು ಹೆಬ್ಬೆಟ್ಟು. ಕಟ್ಟಕಡೆಗೆ ಒಂದೇ ಒಂದು ‘ಕೋಂ’, ಅಂದರೆ ಇಂಥವರ ಹೆಂಡತಿ.

ಒಂದು ಹೆಂಗಸಿನ ಹೆಸರು, ಕೋಂ, ಆಮೇಲೆ ನಮ್ಮ ಮುತ್ತಜ್ಜನ ಹೆಸರು. ಪಕ್ಕದಲ್ಲಿ ‘ಎಡಗೈ ಹೆಬ್ಬೆಟ್ಟಿನ ಗುರುತು’ ಅಂತ ಬರೆದಿದೆ. ಆ ಗುರುತು ಇನ್ನೂ ಕಪ್ಪಗೆ, ಗೆರೆ ಗೆರೆ ಕಾಣುವ ಹಾಗೆ ಇತ್ತು.

ನಾನು ಕುರ್ಚಿಯಿಂದ ಎದ್ದು ಹೊರಗೆ ಹೋಗಿ ನೀರು ಕುಡಿದು ಬಂದೆ. ಇವರು ತಾತನನ್ನು ಹೆತ್ತು ಸತ್ತವರಲ್ಲ. 1917ರಲ್ಲಿ ತಾತನಿಗೆ ಎಂಟು ವರ್ಷ. ಗಂಡ ಸತ್ತಿದ್ದರು, ಹೆಂಡತಿ ಇದ್ದರು. ಹದಿನಾರು ಗಂಡಸರ ಜೊತೆ ನಿಂತು ಸರ್ಕಾರವನ್ನು ನೆಲ ಕೇಳಿದ್ದರು.

ಅವರು ಯಾವಾಗ ತೀರಿಕೊಂಡರು? ಇದಕ್ಕೆ ತಾತ ಓದಿದ ಪ್ರೈಮರಿ ಶಾಲೆಯ ದಾಖಲಾತಿ ರಿಜಿಸ್ಟರ್ ಸಹಾಯಕ್ಕೆ ಬಂತು. 1919ರಲ್ಲಿ ಸೇರಿಸಿದ್ದಾರೆ. ಪೋಷಕರು ಅನ್ನುವ ಕಲಮಿನಲ್ಲಿ ‘ಸೋದರಮಾವ’ ಅಂತ ಇದೆ. 1917ಕ್ಕೂ 1919ಕ್ಕೂ ನಡುವೆ ಏನಿತ್ತು ಅಂತ ಮತ್ತೆ ಪತ್ರಿಕೆಗಳಿಗೆ ಹೋದೆ. 1918ರ ಅಕ್ಟೋಬರ್ ತಿಂಗಳಿನಲ್ಲಿ ಎಲ್ಲ ಕಡೆ ಇನ್‌ಫ್ಲುಯೆಂಜಾ. ಭಾರತದಲ್ಲಿ ಒಂದು ಕೋಟಿಗಿಂತ ಜಾಸ್ತಿ ಜನ ಸತ್ತ ಜ್ವರ ಅದು. ಹಳ್ಳಿಗಳ ಮರಣದ ಲೆಕ್ಕದಲ್ಲಿ ಅದಕ್ಕೆ ಬೇರೆ ಹೆಸರೂ ಇರಲಿಲ್ಲ, ಹೆಚ್ಚಿನವರನ್ನು ಬರೀ ‘ಜ್ವರ’ ಅಂತ ಬರೆದುಬಿಟ್ಟರು. ಮೈಸೂರಿನ ಜನಸಂಖ್ಯೆ 1911ರಲ್ಲಿ 58,06,193 ಇದ್ದದ್ದು 1921ರಲ್ಲಿ 59,78,892. ಹತ್ತು ವರ್ಷಕ್ಕೆ ನೂರಕ್ಕೆ ಮೂರು ಮಾತ್ರ ಏರಿದೆ. ನಮ್ಮ ಮುತ್ತಜ್ಜಿ ಹೋಗಿದ್ದೂ ಆ ಜ್ವರದಲ್ಲೇ ಇರಬೇಕು ಅಂತ ನನ್ನ ಊಹೆ. ಕಾಳಯುಕ್ತಿ ಸಂವತ್ಸರ, ಆಶ್ವಯುಜ ಮಾಸ. ದಸರಾ, ದೀಪಾವಳಿಯ ನಡುವಿನ ದಿನಗಳು.

ಅರ್ಜಿಯ ಫೋಟೋ ತೆಗೆಯಲು ಅನುಮತಿ ಸಿಕ್ಕಿತ್ತು. ಫೋನಿನಲ್ಲಿ ಅದನ್ನು ಇಟ್ಟುಕೊಂಡು ಊರಿಗೆ ಅತ್ತೆಯನ್ನು ನೋಡಲು ಹೋದೆ. ಅಪ್ಪನ ಅಕ್ಕ ಅವರು, ಎಂಬತ್ತೆರಡು ವರ್ಷ. ಕಣ್ಣು ಮಂಜು, ಕಿವಿ ಚುರುಕು. ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕ ಕೂತು ಆ ಸಾಲನ್ನು ಓದಿದೆ.

ಅತ್ತೆಯ ಕೈ ನಿಂತಿತು. “ಇನ್ನೊಂದ್ಸಲ ಓದವ್ವ.”

ಓದಿದೆ.

“ಅದು ನನ್ನೆಸ್ರಲ್ವಾ?”

ಹೌದು. ಆ ಅರ್ಜಿಯಲ್ಲಿರುವುದು ಅತ್ತೆಯ ಹೆಸರೇ. ಅದನ್ನು ಇಲ್ಲಿ ಬರೆದಿಲ್ಲ, ಯಾಕೆಂದರೆ ತನ್ನ ಹೆಸರು ಫೋನಿನಲ್ಲೆಲ್ಲ ಓಡಾಡುವುದು ಅತ್ತೆಗೆ ಇಷ್ಟವಿಲ್ಲ. ತಾತ ತಮ್ಮ ಮೊದಲ ಮಗಳಿಗೆ ತಾಯಿಯ ಹೆಸರಿಟ್ಟಿದ್ದರು. ಯಾರಿಗೂ ಹೇಳಿರಲಿಲ್ಲ. “ದೇವ್ರ ಎಸ್ರು ಕಣವ್ವ ಅಂತಿದ್ರು ನಮ್ಮಪ್ಪ. ನಾನೂ ಹಂಗೇ ಅನ್ಕಂಡಿದ್ದೆ” ಅಂದರು ಅತ್ತೆ. ಮೂರು ವರ್ಷ ನಾನು ಬೆಂಗಳೂರು ಮೈಸೂರು ಅಲೆದು ಹುಡುಕಿದ ಹೆಸರನ್ನು ನಮ್ಮ ಮನೆಯಲ್ಲಿ ಎಂಬತ್ತೆರಡು ವರ್ಷದಿಂದ ದಿನಾ ಕೂಗುತ್ತಿದ್ದರು.

ಆಮೇಲೆ ಫೋನನ್ನು ಅವರ ಕೈಗೆ ಕೊಟ್ಟು, “ಇದು ಅವರ ಹೆಬ್ಬೆಟ್ಟು ಅತ್ತೆ” ಅಂದೆ.

ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಅವರೆಕಾಯಿ ಮೊರ ಪಕ್ಕಕ್ಕೆ ಸರಿಸಿದರು. ಸೆರಗಿನಿಂದ ಕನ್ನಡಕ ಒರೆಸಿಕೊಂಡರು.

“ನಮ್ಮಪ್ಪ ಒಂದ್ ಮಾತ್ ಹೇಳ್ತಿದ್ರು ಕಣ್ಮಗ. ನಮ್ಮವ್ವನ ಹೆಬ್ಬೆಟ್ಟು ಕಪ್ಪಗಿತ್ತು, ಒಲೆ ಬೂದೀಲಿ ಉಜ್ಜುದ್ರೂ ಹೋಗ್ನಿಲ್ಲ, ಅದೇ ಕೈಯಲ್ಲಿ ನಂಗೆ ಮುದ್ದೆ ಮುರ್ದು ಕೊಟ್ಳು ಅಂತ. ಹುಟ್ತಿದ್ದಂಗೇ ತಾಯಿ ಕಳ್ಕಂಡೋರು ಇವ್ರೆಲ್ಲಿ ನೋಡುದ್ರು, ಯಾರ್ನೋ ನೆನುಸ್ಕಂಡು ಹೇಳ್ತವ್ರೆ ಅಂತ ನಾವ್ಯಾರೂ ನಂಬ್ನಿಲ್ಲ. ನಮ್ಮವ್ವನೂ ನಂಬ್ನಿಲ್ಲ.”

ಫೋನನ್ನು ಕಣ್ಣಿನ ಹತ್ತಿರ ತಂದುಕೊಂಡರು.

“ಇನ್ನೊಸಿ ದೊಡ್ಡದ್ ಮಾಡವ್ವ” ಅಂದರು.